ರಾಣಿ ತೀರಿಕೊಂಡ ಮೇಲೂ ರಾಣಿಯ ಮೊಹರು!

ಪ್ರಶ್ನೆ: ನಾವು ಕೊಡಗಿನವರು, ಈಗ ಅಮೆರಿಕದ ಒಹಾಯೊದಲ್ಲಿದ್ದೇವೆ. ಇಲ್ಲಿ ಹಳೆ ಬಂದೂಕು ಮಾರುವವರೊಬ್ಬರ ಹತ್ತಿರ 'ಮಾರ್ಟಿನಿ-ಹೆನ್ರಿ' ರೈಫಲ್ ಇದೆ. ಕಾಬೂಲ್‌ನಿಂದ ಬಂದದ್ದಂತೆ. ಬಲಬದಿಯಲ್ಲಿ ಕಿರೀಟ, ಅದರಡಿ ವಿ.ಆರ್., ಎನ್‌ಫೀಲ್ಡ್, 1906 ಅಂತ ಇದೆ. ಫೋಟೊ ಕಳಿಸಿದ್ದೇನೆ. ಇದು ಅಸಲಿಯಾ? ಊರಿಗೆ ತರಬಹುದಾ?

ಉತ್ತರ: ಅಸಲಿ ಅಲ್ಲ. ಆ 1906ಏ ಗುಟ್ಟು ರಟ್ಟು ಮಾಡಿದೆ. ವಿ.ಆರ್. ಅಂದರೆ ವಿಕ್ಟೋರಿಯಾ ರಾಣಿಯ ಗುರುತು. ಆಕೆ ತೀರಿಕೊಂಡಿದ್ದು 1901ರ ಜನವರಿಯಲ್ಲಿ. ಅದಿರಲಿ, ಬ್ರಿಟಿಷ್ ಸೈನ್ಯ 1871ರಲ್ಲಿ ಒಪ್ಪಿಕೊಂಡ ಈ ರೈಫಲನ್ನು ಬಿಟ್ಟು 1888ರಲ್ಲೇ ಲೀ-ಮೆಟ್‌ಫೋರ್ಡ್ ಅನ್ನೋ ಹೊಸ ರೈಫಲಿನ ಕಡೆಗೆ ಹೊರಳಿತ್ತು.

ಫೋಟೊ ದೊಡ್ಡದು ಮಾಡಿ ನೋಡಿ. ಎನ್‌ಫೀಲ್ಡ್ ಪದದಲ್ಲಿ ಇಂಗ್ಲಿಷಿನ 'ಎನ್' ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದೆ. ಅಕ್ಷರಗಳು ಒಂದು ಗೆರೆಯಲ್ಲೂ ನಿಂತಿಲ್ಲ. ಪೆಶಾವರದ ಹತ್ತಿರ ದರ್ರಾ ಆದಮ್ ಖೇಲ್ ಅನ್ನೋ ಊರಿದೆ. ಆ ಸೀಮೆಯ ಕುಶಲಕರ್ಮಿಗಳು ಇಂಗ್ಲಿಷ್ ಬಾರದಿದ್ದರೂ ಅರ ಹಿಡಿದು ಕೈಯಲ್ಲೇ ಬ್ರಿಟಿಷ್ ಬಂದೂಕಿನ ನಕಲು ಮಾಡಿದವರು. ಇದೂ ಅಂಥದ್ದೇ. ಅವರ ಕೈಚಳಕಕ್ಕೆ ಮೆಚ್ಚಬೇಕು, ಉಕ್ಕನ್ನು ಮಾತ್ರ ನಂಬಬಾರದು. ಗೋಡೆಗೆ ತೂಗುಹಾಕಲು ಚೆನ್ನ, ತೋಟಾ ತುಂಬಿ ಹಾರಿಸಲು ಖಂಡಿತ ಬೇಡ.

ಮೊಹರು ಹೊಡೆಯೋದು ಸುಲಭ. ಅದಕ್ಕೇ ನಾನು ಮೊದಲು ಲೋಹ ನೋಡುತ್ತೇನೆ. ಮಾರ್ಟಿನಿಗೆ ಕೇಪಿನ ಕೋವಿಯ ಹಾಗೆ ಹೊರಗೆ ಕುದುರೆ (ಹೊಡೆಯುವ ಸುತ್ತಿಗೆ) ಇರುವುದಿಲ್ಲ. ಟ್ರಿಗರಿನ ಹಿಂದಿನ ಲಿವರನ್ನು ಕೆಳಕ್ಕೆ ಎಳೆದರೆ ಒಳಗಿನ ಉಕ್ಕಿನ ತುಂಡಿನ ಮುಂಭಾಗ ಕುಸಿದು ನಳಿಗೆಯ ಹಿಂಬಾಯಿ ತೆರೆಯುತ್ತದೆ. ಅಸಲಿಯಲ್ಲಿ ಆ ತುಂಡು ಸಂದಿಯಿಲ್ಲದೆ ಕೂರುತ್ತದೆ. ನಕಲಿನಲ್ಲಿ ಅಲುಗಾಡುತ್ತದೆ, ಅಂಚಿನಲ್ಲಿ ಅರದ ಗೀರು ಕಾಣುತ್ತದೆ. ಆಮೇಲೆ ನಳಿಗೆಯೊಳಗೆ ಟಾರ್ಚ್ ಬಿಡಿ. ಗುಂಡು ತಿರುಗುತ್ತ ಹೋಗಲಿ ಅಂತ ಒಳಗೆ ಕೊರೆದ ಹೆನ್ರಿ ಸುರುಳಿಗೆ ಏಳು ತೋಡುಗಳು. ಬಾಯಿ ಸುಮಾರು 11.4 ಮಿ.ಮೀ. ಇರಬೇಕು. ಒಳಗೆ ನುಣುಪಾಗಿದ್ದು ಬಾಯಿ 18 ಮಿ.ಮೀ. ಆಸುಪಾಸು ಇದ್ದರೆ ಅದು ಇದೇ ಲಿವರಿನ 12 ಬೋರ್ ಶಾಟ್‌ಗನ್ ಆಗಿರಬಹುದು, ರೈಫಲ್ಲೇ ಅಲ್ಲ.

ಅಮೆರಿಕದ ಮಾರುಕಟ್ಟೆಯಲ್ಲಿ ನೇಪಾಳದವೂ ಸಿಗುತ್ತವೆ. ಕಠ್ಮಂಡುವಿನ ಹಳೆ ಶಸ್ತ್ರಾಗಾರದಿಂದ ಈ ಶತಮಾನದ ಆರಂಭದಲ್ಲಿ ಸಾವಿರಾರು ಬಂದೂಕು ಅಮೆರಿಕಕ್ಕೆ ಹೋದವು. ಗಹೇಂದ್ರ ಅನ್ನೋ ಜಾತಿಯದು ಹೊರನೋಟಕ್ಕೆ ಥೇಟ್ ಮಾರ್ಟಿನಿ. ಮೇಲೆ ದೇವನಾಗರಿ ಅಂಕಿಗಳಿರುತ್ತವೆ. ನಿಮಗೆ ಓದಲು ಬರುತ್ತೆ, ಮಾರುವವನಿಗೆ ಬಾರದು!

ಇನ್ನೊಂದು ಮಾತು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ವರ್ಷದ ಲೆಕ್ಕಕ್ಕೆ 'ಆ್ಯಂಟಿಕ್' ಆಗಬೇಕಾದರೆ 1898 ಅಥವಾ ಅದಕ್ಕೂ ಮೊದಲು ತಯಾರಾಗಿರಬೇಕು. ಇದರ ಮೇಲೆ ಇರುವುದು 1906, ಅದೂ ಸುಳ್ಳು. ಹಾಗಾಗಿ 'ಕಾಗದ ಪತ್ರ ಏನೂ ಬೇಡ' ಅನ್ನೋ ಮಾತಿಗೆ ಮರುಳಾಗಬೇಡಿ, ಸ್ಥಳೀಯ ನಿಯಮ ವಿಚಾರಿಸಿ. ತಗೊಂಡರೂ ಹೊಳೆಯಲಿ ಅಂತ ಉಜ್ಜಬೇಡಿ. ತುಕ್ಕಿಗೆ ತೆಳ್ಳಗೆ ಎಣ್ಣೆ ಸಾಕು.

ಊರಿಗೆ ತರೋದಾ? ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಪೂಜೆಗಿಡೋ ಆಸೆ ಇರಬಹುದು, ಅಲ್ವಾ? ಆದರೆ ಕೊಡವರಿಗೂ ಜಮ್ಮಾ (ಪಾರಂಪರಿಕ ಹಿಡುವಳಿ) ಭೂಮಿಯವರಿಗೂ ಪರವಾನಗಿಯಿಂದ ಇರುವ ವಿನಾಯಿತಿ ಜಿಲ್ಲೆಯೊಳಗೆ ಕೋವಿ ಇಟ್ಟುಕೊಳ್ಳುವುದಕ್ಕೆ. ವಿದೇಶದಿಂದ ಬಂದೂಕು ತರಲು ಶಸ್ತ್ರಾಸ್ತ್ರ ಕಾಯ್ದೆಯಡಿ ಬೇರೆ ಪರವಾನಗಿ ಬೇಕು. ಹಳೇ ಕಾಲದ್ದು ಎಂಬ ರಿಯಾಯಿತಿ 1959ರ ಆ ಕಾಯ್ದೆಯಲ್ಲಿ ಇದೆ, ನಿಜ. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂಥ ಬಂದೂಕಿಗೆ ಮಾತ್ರ. ನೀವು ತೋರಿಸಿದ್ದು ಆ ಸ್ಥಿತಿಯಲ್ಲಿ ಇಲ್ಲ.