ಸಾಹುಕಾರನ ಹೊಟ್ಟೆ, ಅಜ್ಜಿಯ ಸೆರಗು

ನಮಸ್ಕಾರ.

ಊರ ಕೆರೆಯನ್ನು ಉಳಿಸಿಕೊಳ್ಳುವ ಮಕ್ಕಳ ಕುರಿತು ನೀವು ಕಳುಹಿಸಿದ ಅನಿಮೇಷನ್ ಚಿತ್ರಕಥೆಯನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಕಾರಣವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

‘ಅನಿಮೇಷನ್‌ನಲ್ಲಿ ಪಾತ್ರಗಳು ಸರಳವಾಗಿರಬೇಕು, ಹಾಗಾಗಿ ಎಲ್ಲರಿಗೂ ಪರಿಚಿತವಾದ ಅಚ್ಚುಗಳನ್ನೇ ಬಳಸಿದ್ದೇನೆ’ ಎಂದು ಟಿಪ್ಪಣಿಯಲ್ಲಿ ಹೇಳಿದ್ದೀರಿ. ಇದರ ಮೊದಲರ್ಧವನ್ನು ಒಪ್ಪುತ್ತೇನೆ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮುಗಳು ಓಡುವಾಗ, ಒಂದೇ ಆಕೃತಿಯನ್ನು ಸಾವಿರಾರು ಬಾರಿ ಬರೆಯಬೇಕಾದ ಕಲಾವಿದನಿಗೆ ಪ್ರತಿಯೊಂದು ಹೆಚ್ಚಿನ ಗೆರೆಯೂ ಹೊರೆಯೇ. ಆದರೆ ದ್ವಿತೀಯಾರ್ಧ ಅದರಿಂದ ಹುಟ್ಟುವುದಿಲ್ಲ. ಡಿಸ್ನಿ ಸ್ಟುಡಿಯೋದಲ್ಲಿ ಕಲಾವಿದರು ಅರ್ಧ ತುಂಬಿದ ಹಿಟ್ಟಿನ ಚೀಲವನ್ನು ಬರೆದು, ಅದರ ಬಾಗು ಬಳುಕಿನಲ್ಲೇ ಸಂತೋಷವನ್ನೂ ದುಃಖವನ್ನೂ ತೋರಿಸುವ ಅಭ್ಯಾಸ ಮಾಡುತ್ತಿದ್ದರು. ಆ ಚೀಲಕ್ಕೆ ಮುಖವಿಲ್ಲ, ಮೈಬಣ್ಣವಿಲ್ಲ, ಜಾತಿಯಿಲ್ಲ.

ನಿಮ್ಮ ಸಾಹುಕಾರನಿಗೆ ಕಪ್ಪು ಮೈಯನ್ನೂ ಡೊಳ್ಳು ಹೊಟ್ಟೆಯನ್ನೂ, ಅವನ ದಡ್ಡ ಆಳಿಗೆ ಉತ್ತರ ಕರ್ನಾಟಕದ ಮಾತನ್ನೂ ಕೊಟ್ಟು ಕೈತೊಳೆದುಕೊಂಡಿದ್ದೀರಿ; ಉಳಿದ ಕೆಲಸವನ್ನು ನೋಡುಗರ ಮನಸ್ಸಿನಲ್ಲಿ ಮೊದಲೇ ಇರುವ ತಾತ್ಸಾರ ಮಾಡಲಿ ಎಂದು ಬಿಟ್ಟಿದ್ದೀರಿ. (ನಾನು ಧಾರವಾಡದ ಕಡೆಯವನು. ಆ ಆಳಿನಂತೆ ನಮ್ಮಲ್ಲಿ ಯಾರೂ ಮಾತನಾಡುವುದಿಲ್ಲ.)

ಸಾಹುಕಾರನಿಗೊಂದು ಹಿನ್ನೆಲೆ ಸೇರಿಸಿದರೆ ಸಾಕೆಂದು ನಿಮಗೆ ತೋರಬಹುದು. ಅಮೆರಿಕದ ‘ದಿ ಸಿಂಪ್ಸನ್ಸ್’ ಎಂಬ ಅನಿಮೇಷನ್ ಧಾರಾವಾಹಿಯ ಅಪು ಎಂಬ ಭಾರತೀಯ ಅಂಗಡಿಕಾರನನ್ನು ನೋಡಿ. ಅವನಿಗೆ ಕಂಪ್ಯೂಟರ್ ವಿಜ್ಞಾನದ ಡಾಕ್ಟರೇಟ್ ಇತ್ತು, ಹೆಂಡತಿ ಮಕ್ಕಳಿದ್ದರು. ಆದರೂ ಭಾರತೀಯರಲ್ಲದ ನಟ ಹ್ಯಾಂಕ್ ಅಜಾರಿಯಾ 1990ರಿಂದ ಅವನಿಗೆ ಕೊಟ್ಟ ಉತ್ಪ್ರೇಕ್ಷಿತ ಉಚ್ಚಾರಣೆಯೇ ನಗುವಿನ ಮೂಲವಾಗಿ ಉಳಿಯಿತು. ಅದನ್ನೇ ಅಣಕಿಸುವವರ ನಡುವೆ ಅಲ್ಲಿನ ಭಾರತೀಯ ಮಕ್ಕಳು ಬೆಳೆಯಬೇಕಾಯಿತು. ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಸಾಕ್ಷ್ಯಚಿತ್ರವೊಂದರ ಮೂಲಕ ಇದನ್ನು ಪ್ರಶ್ನಿಸಿದರು. 2020ರಲ್ಲಿ ಅಜಾರಿಯಾ ಆ ಪಾತ್ರಕ್ಕೆ ದನಿ ಕೊಡುವುದನ್ನು ನಿಲ್ಲಿಸಿದರು.

ನಿಮಗೆ ಬರೆಯಲು ಬರುವುದಿಲ್ಲವೆಂದಲ್ಲ. ಐದನೆಯ ದೃಶ್ಯದ ಅಜ್ಜಿ ಒಂದು ಮಾತೂ ಆಡದೆ ಸೆರಗಿನ ಗಂಟನ್ನು ಬಿಚ್ಚಿ, ನಾಣ್ಯಗಳನ್ನು ಎಣಿಸಿ, ಒಂದನ್ನು ಮಾತ್ರ ಮತ್ತೆ ಕಟ್ಟಿಕೊಳ್ಳುತ್ತಾಳೆ. ನಾಲ್ಕು ಗೆರೆಗಳಲ್ಲಿ ಬರೆಯಬಹುದಾದ ಈ ಅಜ್ಜಿಯನ್ನು ನಾನು ಮರೆತಿಲ್ಲ. ಸಾಹುಕಾರನಿಗೂ ಅಂಥದೊಂದು ಚಲನೆಯನ್ನು ಹುಡುಕಿ. ಆಳಿನ ಮಾತುಗಳನ್ನೆಲ್ಲ ತೆಗೆದು, ಅವನು ಏನು ಮಾಡಿ ನಗಿಸುತ್ತಾನೆ ಎಂಬುದನ್ನು ಬರೆದು ಕಳುಹಿಸಿ, ಮತ್ತೊಮ್ಮೆ ಓದುತ್ತೇನೆ.

ಇತಿ,
ಸಂಪಾದಕ