ಟೇಬಲ್ ಟೆನಿಸ್ ಆಟಗಾರ ಶರತ್ ಕಮಲ್ ಅಷ್ಟು ವರ್ಷ ಗೆದ್ದದ್ದು ಹೇಗೆ? ಉಡುಪಿಯಲ್ಲಿ ಆಡುವ ನಿಮ್ಮ ಮಗಳಿಗೆ ಅದರಿಂದ ಕಲಿಯಲು ಏನಿದೆ?

1982ರಲ್ಲಿ ಹುಟ್ಟಿದ ಶರತ್‌ಗೆ ಚೆನ್ನೈಯಲ್ಲಿ ತಂದೆ, ಚಿಕ್ಕಪ್ಪನೇ ತರಬೇತುದಾರರು. 10 ರಾಷ್ಟ್ರೀಯ ಸಿಂಗಲ್ಸ್ ಪ್ರಶಸ್ತಿ, 5 ಒಲಿಂಪಿಕ್ಸ್. 2006ರ ಮೆಲ್ಬರ್ನ್ ಕಾಮನ್‌ವೆಲ್ತ್‌ನಲ್ಲಿ ಸಿಂಗಲ್ಸ್ ಚಿನ್ನ. 16 ವರ್ಷ ಬಿಟ್ಟು ಬರ್ಮಿಂಗ್‌ಹ್ಯಾಮ್‌ನಲ್ಲಿ ಮತ್ತೆ ಅದೇ ಚಿನ್ನ, ಜೊತೆಗೆ ತಂಡ ಮತ್ತು ಮಿಶ್ರ ಡಬಲ್ಸ್‌ನಲ್ಲೂ. ಆಟ ಬಿಟ್ಟದ್ದು 2025ರಲ್ಲಿ.

ನನ್ನ ಮಟ್ಟಿಗೆ ಪದಕಗಳಿಗಿಂತ ದೊಡ್ಡದು ಅವರು ಹೊಂದಿಕೊಂಡ ರೀತಿ. 2008ರಲ್ಲಿ ಸ್ಪೀಡ್ ಗ್ಲೂ (ಬ್ಯಾಟಿಗೆ ರಬ್ಬರ್ ಅಂಟಿಸುವ, ವೇಗ ಮತ್ತು ಸ್ಪಿನ್ ಹೆಚ್ಚಿಸುವ ಅಂಟು) ನಿಷೇಧವಾಯಿತು, 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಚೆಂಡು ಬಂತು. ಎರಡರಿಂದಲೂ ಸ್ಪಿನ್ ಕಡಿಮೆಯಾಯಿತು. ಹಾಗಾಗಿ ರಬ್ಬರನ್ನು ಸವರಿದರಷ್ಟೇ ಸಾಲದು, ಚೆಂಡು ರಬ್ಬರಿನಡಿಯ ಸ್ಪಂಜಿನೊಳಗೆ ಇಳಿಯುವಂತೆ ಹೊಡೆಯಬೇಕು.

ನಿಮ್ಮೂರ ಮಳೆಗಾಲಕ್ಕೂ ಇದೇ ಮದ್ದು. ಜುಲೈಯ ತೇವದಲ್ಲಿ ರಬ್ಬರ್ ಮೇಲೆ ನೀರಿನ ಪೊರೆ ಕೂತು ಚೆಂಡು ಜಾರುತ್ತದೆ, ಟಾಪ್‌ಸ್ಪಿನ್ (ಚೆಂಡನ್ನು ಮುಂದಕ್ಕೆ ತಿರುಗಿಸುವ ಹೊಡೆತ) ಸೀದಾ ನೆಟ್ಟಿಗೆ. ಒಣ ಹತ್ತಿಬಟ್ಟೆಯಲ್ಲಿ ಬ್ಯಾಟನ್ನೂ ಚೆಂಡನ್ನೂ ಒರೆಸಲಿ (ಚೆಂಡನ್ನು ಎಲ್ಲರೂ ಮರೆಯುತ್ತಾರೆ), ಬ್ಯಾಟಿನ ಮುಖ ತುಸು ತೆರೆದು ಹೊಡೆಯಲಿ. ಆಟ ಮುಗಿದ ಮೇಲೆ ಒದ್ದೆ ಸ್ಪಂಜಿನಿಂದ ಧೂಳು ತೆಗೆದು, ಪೂರ್ತಿ ಒಣಗಿದ ಬಳಿಕವೇ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಒಣಗಿಸಲೆಂದು ಬಿಸಿಲಿಗಿಟ್ಟರೆ ರಬ್ಬರ್ ಗಡುಸಾಗಿ ಹಿಡಿತ ಹೋಗುತ್ತದೆ. ಫ್ಯಾನ್ ಗಾಳಿ ಸಾಕು.