ಮನುಷ್ಯ ಕೆಟ್ಟವನು ಅಂದ ಹಾಬ್ಸ್ ಸರಿಯೋ, ಒಳ್ಳೆಯವನು ಅಂದ ರೂಸೋ ಸರಿಯೋ?

ಹದಿನೇಳನೇ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಹಾಬ್ಸ್, ಹದಿನೆಂಟನೇ ಶತಮಾನದಲ್ಲಿ ಫ್ರೆಂಚಿನಲ್ಲಿ ಬರೆದ ರೂಸೋ, ಈ ಇಬ್ಬರಲ್ಲಿ ಯಾರು ಸರಿ, ಹಾಗಾದರೆ ಒಳ್ಳೆಯ ಸರ್ಕಾರ ಎಂಥದ್ದು ಅಂತ ಕೇಳಿದ್ದೀರಿ. ಬಿ.ಎ. ಓದುವಾಗ ನಾನೂ ಗೈಡು ಹಿಡಿದು ಇದನ್ನೇ ಉರು ಹೊಡೆದವನು. ಇವರಿಬ್ಬರ ಜೊತೆ ಇಂಗ್ಲೆಂಡಿನ ಇನ್ನೊಬ್ಬ ತತ್ತ್ವಜ್ಞಾನಿ ಜಾನ್ ಲಾಕ್ ಸೇರಿ ಮೂರು ಕಾಲಂ: ಹಾಬ್ಸ್ ಅಂದರೆ ಸ್ವಾರ್ಥಿ ಮನುಷ್ಯ, ಲಾಕ್ ಅಂದರೆ ವಿವೇಕಿ ಮನುಷ್ಯ, ರೂಸೋ ಅಂದರೆ ಮುಗ್ಧ ಮನುಷ್ಯ. ಅಂಕವೇನೋ ಬಂತು. ಎಷ್ಟೋ ವರ್ಷ ಕಳೆದು ಮೂಲ ಪುಸ್ತಕಗಳನ್ನೇ ಬಿಚ್ಚಿಕೊಂಡು ಕೂತಾಗ ಗೊತ್ತಾಯಿತು, ಆ ಪಟ್ಟಿ ಅರ್ಧಕ್ಕರ್ಧ ದಾರಿ ತಪ್ಪಿಸುತ್ತದೆ ಅಂತ.

1651ರಲ್ಲಿ ಬಂದ ‘ಲೆವಯಥನ್’ನ ಹದಿಮೂರನೇ ಅಧ್ಯಾಯದಲ್ಲಿ ಹಾಬ್ಸ್ ಓದುಗನಿಗೇ ಪಾಟೀಸವಾಲು ಹಾಕುತ್ತಾನೆ. ಸರ್ಕಾರವಿಲ್ಲದಿದ್ದರೆ ಮನುಷ್ಯರು ಒಬ್ಬರ ಮೇಲೊಬ್ಬರು ಬೀಳುತ್ತಾರೆ ಎಂಬ ನನ್ನ ಮಾತು ನಂಬುವುದಿಲ್ಲವೋ? ಸರಿ, ಊರಿಗೆ ಹೊರಟಾಗ ಆಯುಧ ಯಾಕೆ ಕಟ್ಟಿಕೊಳ್ಳುತ್ತೀಯ? ಮಲಗುವಾಗ ಬಾಗಿಲಿಗೆ ಅಗುಳಿ ಯಾಕೆ? ಮನೆಯೊಳಗಿನ ಪೆಟ್ಟಿಗೆಗೂ ಬೀಗ ಹಾಕುತ್ತೀಯಲ್ಲ, ಅದು ಯಾರ ಮೇಲಿನ ಗುಮಾನಿ, ನಿನ್ನ ಮಕ್ಕಳು, ಆಳುಕಾಳುಗಳ ಮೇಲಿನದ್ದೇ ತಾನೆ? ಅದೂ ಕಾನೂನು, ಅಧಿಕಾರಿಗಳು ಎಲ್ಲ ಇರುವ ನಾಡಿನಲ್ಲಿ. ಇಷ್ಟು ಕೇಳಿ, ಕೂಡಲೇ ಹೇಳುತ್ತಾನೆ: ಇದರಲ್ಲಿ ಮನುಷ್ಯ ಸ್ವಭಾವವನ್ನು ನೀನೂ ದೂರುತ್ತಿಲ್ಲ, ನಾನೂ ದೂರುತ್ತಿಲ್ಲ, ಆಸೆಗಳು ತಮ್ಮಷ್ಟಕ್ಕೆ ಪಾಪವಲ್ಲ. ‘ಒಂಟಿ, ದರಿದ್ರ, ಅಸಹ್ಯ, ಪಶುಸಮಾನ, ಅಲ್ಪಾಯು’ ಅಂತ ಸರ್ಕಾರವಿಲ್ಲದ ಬದುಕನ್ನು ಬಣ್ಣಿಸುವ ಪ್ರಸಿದ್ಧ ಸಾಲು ಎಲ್ಲ ಗೈಡುಗಳಲ್ಲೂ ಇದೆ. ಅದೇ ಅಧ್ಯಾಯದ ಈ ‘ದೂರುತ್ತಿಲ್ಲ’ ಎಂಬ ಸಾಲು ನನ್ನ ಗೈಡಿನಲ್ಲಂತೂ ಇರಲಿಲ್ಲ.

ನಮ್ಮವರು ಇದನ್ನು ಮತ್ಸ್ಯನ್ಯಾಯಕ್ಕೆ ಹೋಲಿಸುವುದುಂಟು. ನನಗೆ ಆ ಹೋಲಿಕೆ ಪೂರ್ತಿ ಒಪ್ಪಿಗೆಯಿಲ್ಲ. ಮತ್ಸ್ಯನ್ಯಾಯದಲ್ಲಿ ದೊಡ್ಡ ಮೀನು ಚಿಕ್ಕದನ್ನು ನುಂಗುತ್ತದೆ. ಹಾಬ್ಸ್‌ನ ಕೆರೆಯಲ್ಲಿ ನಿಶ್ಚಿಂತೆಯಾಗಿ ಈಜುವಷ್ಟು ದೊಡ್ಡ ಮೀನೇ ಇಲ್ಲ. ಎಂಥ ಬಲಶಾಲಿಯಾದರೂ ನಿದ್ದೆ ಮಾಡಲೇಬೇಕು. ಎಷ್ಟೇ ದುರ್ಬಲನಾದರೂ ಹೊಂಚುಹಾಕಿಯೋ ನಾಲ್ಕು ಜನರ ಜೊತೆ ಸೇರಿಯೋ ಅವನನ್ನು ಮುಗಿಸಬಲ್ಲ. ಪಕ್ಕದವನ ಮನಸ್ಸು ಗೊತ್ತಿಲ್ಲ, ಕೇಳುವವರೂ ಇಲ್ಲ ಅಂದಮೇಲೆ ಸಾಧು ಮನುಷ್ಯನೂ ಮೊದಲೇ ಕೈ ಎತ್ತುತ್ತಾನೆ. ಜಗಳಕ್ಕೆ ಕೆಟ್ಟತನವೇ ಬೇಕಿಲ್ಲ, ಭಯ ಇದ್ದರೂ ಸಾಕು. ಇದನ್ನು ಹಾಬ್ಸ್ ಪ್ಯಾರಿಸ್‌ನಲ್ಲಿ ಕೂತು ಬರೆಯುತ್ತಿದ್ದಾಗ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ. 1649ರ ಜನವರಿಯಲ್ಲಿ ಒಂದನೇ ಚಾರ್ಲ್ಸ್‌ನ ತಲೆಯೇ ಹೋಯಿತು. ಕೊನೆಯ ಮಾತು ಯಾರದು ಎಂಬುದೇ ತೀರ್ಮಾನವಾಗದ ದೇಶ ಅದು. ಅದಕ್ಕೇ ಹಾಬ್ಸ್ ಕೊನೆಯ ಮಾತನ್ನು ಒಂದೇ ಕಡೆ ಒಪ್ಪಿಸಿಬಿಡಿ ಅಂದ.

ಲಾಕ್ ತಪ್ಪು ಹಿಡಿದದ್ದು ಇಲ್ಲೇ. ನರಿಗೆ ಹೆದರಿ ಸಿಂಹದ ಬಾಯಿಗೆ ಬೀಳುವಷ್ಟು ಮನುಷ್ಯ ದಡ್ಡನೇ ಅಂತ ಕೇಳಿದ. ಸರ್ಕಾರವೇ ಇಲ್ಲದ ಕಡೆ ನಿಜವಾದ ತೊಂದರೆ ಅಂದರೆ ನನ್ನ ವ್ಯಾಜ್ಯಕ್ಕೆ ನಾನೇ ನ್ಯಾಯಾಧೀಶ. ಯಾರೂ ಪ್ರಶ್ನಿಸಲಾಗದ ಅರಸನೂ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಲ್ಲವೇ? ಹಾಗಿದ್ದಮೇಲೆ ಅವನಿಗೂ ಪ್ರಜೆಗಳಿಗೂ ನಡುವೆ ಇರುವುದು ಇನ್ನೂ ಕಾಡೇ. ಇದೆಲ್ಲ ಇರುವ ‘ಸರ್ಕಾರ ಕುರಿತ ಎರಡು ಪ್ರಬಂಧಗಳು’ ಎಂಬ ಪುಸ್ತಕ 1689ರಲ್ಲಿ ಅಚ್ಚಾದಾಗ ಲಾಕ್ ಹೆಸರು ಹಾಕಿಕೊಳ್ಳಲಿಲ್ಲ. ನನ್ನದೇ ಅಂತ ಒಪ್ಪಿಕೊಂಡದ್ದು 1704ರಲ್ಲಿ, ಉಯಿಲಿನಲ್ಲಿ. (ಸ್ವಾತಂತ್ರ್ಯದ ಬಗ್ಗೆ ಇಷ್ಟು ಬರೆದವನೇ ಗುಲಾಮರ ವ್ಯಾಪಾರದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ಹೂಡಿದ್ದ. ಇದೂ ಗೈಡಿನಲ್ಲಿ ಇರಲಿಲ್ಲ.)

ರೂಸೋ ‘ಮನುಷ್ಯ ಸ್ವಭಾವತಃ ಒಳ್ಳೆಯವನು’ ಅಂತ ಬರೆದಿರುವುದು ನಿಜ. ಆದರೆ ಅಸಮಾನತೆಯ ಮೂಲದ ಬಗ್ಗೆ ಬರೆದ 1755ರ ಪ್ರಬಂಧದಲ್ಲಿ ಅವನ ಕಾಡಿನ ಮನುಷ್ಯ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಪಕ್ಕದಲ್ಲಿ ಇನ್ನೊಬ್ಬರೇ ಇಲ್ಲದವನಿಗೆ ಒಳ್ಳೆಯದು ಕೆಟ್ಟದ್ದು ಎಲ್ಲಿಂದ ಬರಬೇಕು? ಅವನಿಗಿರುವುದು ಜೀವದಾಸೆ, ಮತ್ತೆ ನೋಯುವವರನ್ನು ಕಂಡರೆ ಆಗುವ ಮರುಕ. ನೆಲಕ್ಕೆ ಬೇಲಿ ಹಾಕಿ ‘ಇದು ನನ್ನದು’ ಅಂದವನ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಅದಕ್ಕೆ ಮುಂಚಿನ ಕಾಲದ ಚಿತ್ರ. ಜನ ಗುಡಿಸಲು ಕಟ್ಟಿಕೊಂಡಿದ್ದಾರೆ, ದೊಡ್ಡ ಮರದ ಸುತ್ತ ಸೇರಿ ಹಾಡುತ್ತಾರೆ, ಕುಣಿಯುತ್ತಾರೆ. ಒಬ್ಬ ಚೆನ್ನಾಗಿ ಹಾಡುತ್ತಾನೆ, ಒಬ್ಬಳು ಚೆಲುವೆ. ಪ್ರತಿಯೊಬ್ಬರೂ ಉಳಿದವರನ್ನು ನೋಡುತ್ತಾರೆ, ತಮ್ಮನ್ನೂ ಯಾರಾದರೂ ನೋಡಲಿ ಅನ್ನಿಸತೊಡಗುತ್ತದೆ. ಹೊಟ್ಟೆಕಿಚ್ಚು, ನಾಚಿಕೆ, ತಾತ್ಸಾರ ಎಲ್ಲ ಹುಟ್ಟಿದ್ದು ಆ ಮರದ ಕೆಳಗೆ. ಹಾಬ್ಸ್ ಮೇಲೆ ರೂಸೋನ ದೂರು ಇಷ್ಟೇ: ಊರಿನ ಮನುಷ್ಯನ ಬೇನೆಗಳನ್ನು ತಗೊಂಡು ಹೋಗಿ ಕಾಡಿನವನಿಗೆ ಅಂಟಿಸಿದ ಅಂತ. ಮತ್ತೆ ಕಾಡಿಗೆ ಹೋಗೋಣ ಅಂತ ಅವನು ಹೇಳಲಿಲ್ಲ, ಆದರೆ ಫ್ರೆಂಚ್ ಲೇಖಕ ವೋಲ್ಟೇರ್ ಬಿಡಬೇಕಲ್ಲ. ‘ನಿಮ್ಮ ಪುಸ್ತಕ ಓದಿದರೆ ನಾಲ್ಕು ಕಾಲಲ್ಲಿ ನಡೆಯಬೇಕು ಅನ್ನಿಸುತ್ತದೆ, ಏನು ಮಾಡಲಿ, ಆ ಅಭ್ಯಾಸ ತಪ್ಪಿ ಅರವತ್ತು ವರ್ಷದ ಮೇಲಾಯಿತು’ ಅಂತ ಕಾಗದ ಬರೆದ.

ಇನ್ನು ಒಳ್ಳೆಯ ಸರ್ಕಾರದ ವಿಷಯ. ಇದಕ್ಕೆ ನನ್ನ ಓಟು ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್‌ಗೆ. 1741ರ ಒಂದು ಪ್ರಬಂಧದಲ್ಲಿ ಅವನು ಹೇಳುವುದು: ಸರ್ಕಾರದ ಕಟ್ಟುಕಟ್ಟಳೆ ರೂಪಿಸುವಾಗ ಪ್ರತಿಯೊಬ್ಬನೂ ಠಕ್ಕ ಅಂತಲೇ ಹಿಡಿಯಬೇಕು. ಹಿಂದೆಯೇ ತಾನೇ ಸೋಜಿಗಪಡುತ್ತಾನೆ, ನಿಜಜೀವನದಲ್ಲಿ ಸುಳ್ಳಾದ ಮಾತು ರಾಜಕೀಯದಲ್ಲಿ ಮಾತ್ರ ಸತ್ಯವಾಗುವುದು ವಿಚಿತ್ರವಲ್ಲವೇ ಅಂತ. ಕಾರಣವನ್ನೂ ಕೊಡುತ್ತಾನೆ. ಒಬ್ಬೊಬ್ಬನಾಗಿದ್ದಾಗ ಮನುಷ್ಯನಿಗೆ ಮಾನಮರ್ಯಾದೆಯ ಅಂಜಿಕೆ ಇರುತ್ತದೆ. ಗುಂಪಿಗೆ ಸೇರಿದನೋ, ತನ್ನ ಪಕ್ಷದವರು ಭೇಷ್ ಅಂದರೆ ಮುಗಿಯಿತು, ಎದುರು ಪಕ್ಷದವರ ಕೂಗು ಕಿವಿಗೆ ಬೀಳುವುದಿಲ್ಲ. ಅಧಿಕಾರಕ್ಕೆ ಅಧಿಕಾರದಿಂದಲೇ ತಡೆ ಹಾಕಬೇಕು ಅಂತ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ 1748ರಲ್ಲಿ, ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಡವಿತ್ತು ಅಂತ ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಒಬ್ಬನಾದ ಮ್ಯಾಡಿಸನ್ 1788ರಲ್ಲಿ ಬರೆದದ್ದೂ ಇದೇ ಧಾಟಿ.

ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಚೆಕ್ಕಿಗೆ ಇಬ್ಬರ ಸಹಿ ಬೇಕು ಅಂತ ಠರಾವು ತಂದಾಗ ಖಜಾಂಚಿಯವರ ಮುಖ ಸಪ್ಪಗಾಯಿತು. ‘ಇಷ್ಟು ವರ್ಷ ಆದಮೇಲೆ ನನ್ನ ಮೇಲೆ ಅನುಮಾನವೇನ್ರಿ?’ ಅಂದರು. ಅಪ್ಪಟ ಪ್ರಾಮಾಣಿಕರು, ನಿವೃತ್ತ ಬ್ಯಾಂಕ್ ನೌಕರರು. ನಾನು ಹ್ಯೂಮ್ ಹೆಸರು ಎತ್ತಲಿಲ್ಲ. ‘ಸಾರ್, ಬ್ಯಾಂಕಿನಲ್ಲಿ ನೀವೊಬ್ಬರೇ ಒಂದೇ ಕೀಲಿಯಲ್ಲಿ ತಿಜೋರಿ ತೆಗೀತಿದ್ರಾ?’ ಅಂತ ಕೇಳಿದೆ. ನಕ್ಕು, ಠರಾವಿಗೆ ಅವರೇ ಅನುಮೋದಕರಾದರು.

ಓದಬೇಕು ಅನ್ನಿಸಿದರೆ ಹಾಬ್ಸ್‌ನ ಆ ಹದಿಮೂರನೇ ಅಧ್ಯಾಯದಿಂದಲೇ ಶುರು ಮಾಡಿ, ಕೆಲವೇ ಪುಟ. ಪರೀಕ್ಷೆಗೆ ಕೇಳಿದ್ದಾದರೆ ಮಾತ್ರ ಸುಮ್ಮನೆ ಮೂರು ಕಾಲಂ ಬರೆದು ಬನ್ನಿ; ತಿದ್ದುವವರ ಕೈಯಲ್ಲೂ ಅದೇ ಗೈಡು ಇರುತ್ತದೆ.